ಮನೆಗೆ ಹೋಗಿ ಕರೆಯುವ ಕೊಂಡಿ

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಬಸವಂತಪ್ಪ ಬಣಕಾರರು ಆಡಿದ ಮೊದಲ ಮಾತು ಎದುರುಮನೆಗೂ ಅದರ ಹಿಂದಿನ ಓಣಿಗೂ ಕೇಳಿಸಿತು. ಅವರು ಕೇಳಿದ್ದು ಒಂದು ಲೋಟ ನೀರು. ಆದರೆ ಕೊರಳಿಗೆ ಕಟ್ಟಿದ ದನಿಪಟ್ಟಿಯಿಂದ ಹೊರಟದ್ದು ಕೊನೆಯ ಜೋಡಿಯನ್ನು ಕುಸ್ತಿಯ ಕಣಕ್ಕೆ ಕರೆಯುವ ದನಿ. ಆ ಒಂದು ಮಾತು ಎಳೆದು, ಏರಿ, ಗೋಡೆಗೆ ಬಡಿದು ಮರಳಿ ಬಂತು. ಜಗುಲಿಯಲ್ಲಿ ಕಾಳು ಆರಿಸುತ್ತಿದ್ದ ಎದುರುಮನೆಯ ಶಿವಕ್ಕ ಅಲ್ಲಿಂದಲೇ ಕೇಳಿದಳು: "ಗೌರವ್ವಾ, ಯಾರ‍್ಯಾರ ನಡುವ ಐತಿ ಇವತ್ತಿನ ಜೋಡಿ?"

ಮನೆಯವರೆಲ್ಲ ನಕ್ಕರು. ಬಸವಂತಪ್ಪನವರೂ ಭುಜ ಕುಲುಕಿಸಿ ನಕ್ಕರು. ನೀರು ತಂದುಕೊಟ್ಟ ಹೆಂಡತಿ ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಗೆಯಿಂದಲೋ, ಗಂಡ ಮತ್ತೆ ಮಾತಾಡಿದನೆಂಬ ಸಂತೋಷದಿಂದಲೋ ಹೇಳುವುದು ಕಷ್ಟವಿತ್ತು.

ಗಂಟಲಿನ ಕ್ಯಾನ್ಸರಿಗೆ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕಾಗಿ ಬಂದಿತ್ತು. ಜೀವ ಉಳಿದದ್ದೇ ದೊಡ್ಡದು ಎಂದು ಮನೆಯವರು ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಗ ಹುಬ್ಬಳ್ಳಿಯ ಡಾಕ್ಟರ್ ಮೇಧಾ ಇನಾಮದಾರ ಈ ಪಟ್ಟಿಯ ಮಾತು ತೆಗೆದಿದ್ದರು. ಮಾತಾಡಬೇಕೆಂದು ಮನಸ್ಸು ಮಾಡಿದಾಗ ಮೆದುಳು ನಾಲಗೆಗೂ ಕೊರಳಿನ ಸ್ನಾಯುಗಳಿಗೂ ಕಳಿಸುವ ಸಣ್ಣ ವಿದ್ಯುತ್ ಸಂಜ್ಞೆಗಳನ್ನು ಪಟ್ಟಿ ಚರ್ಮದ ಮೇಲಿನಿಂದಲೇ ಓದುತ್ತದೆ. ಓದಿದ್ದನ್ನು ಆ ಮನುಷ್ಯನದೇ ದನಿಯಲ್ಲಿ ನುಡಿಯುತ್ತದೆ. ಅದಕ್ಕೆ ಮೊದಲು ಅವನ ದನಿ ಹೇಗಿತ್ತೆಂದು ಪಟ್ಟಿಗೆ ಕಲಿಸಬೇಕು. ಕಲಿಸಲು ಹಳೆಯ ಧ್ವನಿಮುದ್ರಣಗಳು ಬೇಕು.

ಬಸವಂತಪ್ಪನವರ ಮುದ್ರಣಗಳಿಗೇನೂ ಕೊರತೆ ಇಲ್ಲವೆಂದು ಎಲ್ಲರೂ ಎಣಿಸಿದ್ದರು. ಹೊಟ್ಟೆಪಾಡಿಗೆ ಸಹಕಾರಿ ಸಂಘದಲ್ಲಿ ಗುಮಾಸ್ತಿಕೆ ಮಾಡಿದರೂ ಊರೂರುಗಳಲ್ಲಿ ಜನ ಅವರನ್ನು ಗುರುತಿಸುತ್ತಿದ್ದದ್ದು ಕುಸ್ತಿಯ ವೀಕ್ಷಕ ವಿವರಣೆಕಾರರೆಂದು. ಗದಗ, ಮುಧೋಳ, ಜಮಖಂಡಿ, ರಾಣೆಬೆನ್ನೂರು, ಎಲ್ಲಿ ದೊಡ್ಡ ಕುಸ್ತಿಯಿದ್ದರೂ ಮೈಕು ಇವರ ಕೈಯಲ್ಲಿ. ಮಂದಿ ಮುದ್ರಿಸಿಟ್ಟುಕೊಂಡದ್ದು ರಾಶಿ ರಾಶಿ ಸಿಕ್ಕಿತು. ಪಟ್ಟಿ ಅದನ್ನೆಲ್ಲ ಶ್ರದ್ಧೆಯಿಂದ ಕಲಿಯಿತು. ಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದ ಮನುಷ್ಯನನ್ನು ಮಾತ್ರ ಯಾರೂ ಮುದ್ರಿಸಿರಲಿಲ್ಲ. ದಿನಾ ಕೇಳುವ ದನಿಯನ್ನು ಯಾರು ತೆಗೆದಿಡುತ್ತಾರೆ? ಹಳೆಯ ದೊಡ್ಡ ಜಾಲತಾಣಗಳಲ್ಲಿ ಬಿದ್ದಿದ್ದ ಮನೆಮಂದಿಯ ಧ್ವನಿಸಂದೇಶಗಳು ಆ ತಾಣಗಳು ಬಾಗಿಲು ಹಾಕಿದ ದಿನವೇ ಅಳಿಸಿಹೋಗಿದ್ದವು.

ಪಟ್ಟಿಯ ಸದ್ದನ್ನು ತಗ್ಗಿಸಬಹುದಿತ್ತು, ತಗ್ಗಿಸಿಯೂ ನೋಡಿದರು. ದೂರದ ಮೈದಾನದ ಮೈಕಿನಂತೆ ಕೇಳುತ್ತಿತ್ತು. ಕೂಗು ಸಣ್ಣದಾದರೂ ಕೂಗೇ.

ನಗು ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ಬಸವಂತಪ್ಪನವರು ಪಟ್ಟಿ ಬಿಚ್ಚಿ ಮೊಳೆಗೆ ನೇತುಹಾಕಿದರು. ಏಳು ತಿಂಗಳ ಬಸುರಿ ಸುಮಿತ್ರಾ, ಅವರ ಕಿರಿಮಗಳು, ಹೆರಿಗೆಗೆಂದು ತವರಿಗೆ ಬಂದಿದ್ದಳು. "ಯಾಕಪ್ಪಾ ತೆಗದಿ?" ಎಂದಳು. ಅವರು ಅವಳ ಹೊಟ್ಟೆಯತ್ತ ಬೆರಳು ತೋರಿಸಿ, ಸ್ಲೇಟಿನ ಮೇಲೆ ಬರೆದರು: ಕೂಸು ಅಂಜತೈತಿ.

ಹಿರಿಮಗಳು ನೀಲಾಂಬಿಕಾ ಆ ಸ್ಲೇಟನ್ನು ನೋಡಿ ಕೆಲಸಕ್ಕೆ ಹೊರಟಳು. ದಾರಿಯುದ್ದಕ್ಕೂ ಡಾಕ್ಟರರ ಮಾತು ತಲೆಯಲ್ಲಿತ್ತು. ಮೆದುಳು ಹೊಸ ದನಿಯೊಂದನ್ನು ತನ್ನದೆಂದು ಒಪ್ಪಿಕೊಳ್ಳುವುದು ಮೊದಲ ಕೆಲವು ತಿಂಗಳಲ್ಲಿ. ಆಮೇಲೆ ಬದಲಿಸಿದರೆ ಒಪ್ಪುವುದು ಕಷ್ಟ. ಪಟ್ಟಿಯನ್ನೇ ಬಿಚ್ಚಿಟ್ಟರಂತೂ ಕೊರಳಿನ ನರಗಳು ಮಾತಾಡುವ ಅಭ್ಯಾಸವನ್ನೇ ಮರೆಯುತ್ತವೆ. ಅಷ್ಟರೊಳಗೆ ಅಪ್ಪನ ಮೆಲುದನಿ ಎಲ್ಲಿಂದಾದರೂ ಸಿಗಬೇಕಿತ್ತು. ಸಿಗದಿದ್ದರೆ ಹುಟ್ಟುವ ಮಗುವಿಗೆ ಅಜ್ಜ ಮೂಕನಾಗಿಯೇ ಉಳಿಯುತ್ತಿದ್ದ.

ನೀಲಾಂಬಿಕಾ ಕೆಲಸ ಮಾಡುತ್ತಿದ್ದದ್ದು ಗದಗಿನ ಕಟ್ಟೆಯಲ್ಲಿ. ದೊಡ್ಡ ತಾಣಗಳು ಮುಚ್ಚಿದ ಮೇಲೆ ಊರೂರಿನವರು ತಮ್ಮ ತಮ್ಮದೇ ಸಣ್ಣ ಯಂತ್ರಗಳನ್ನು ಇಟ್ಟುಕೊಂಡು ಮಾತುಕತೆಯ ಜಾಲ ಕಟ್ಟಿಕೊಂಡಿದ್ದರು. ಒಂದೊಂದು ಊರಿನದೂ ಒಂದೊಂದು ಕಟ್ಟೆ. ಮುಧೋಳದವನ ಖಾತೆ ಮುಧೋಳದ ಕಟ್ಟೆಯಲ್ಲಿ, ಗದಗಿನವಳದು ಗದಗಿನದರಲ್ಲಿ. ಆದರೆ ಕಟ್ಟೆಗಳೆಲ್ಲ ಒಂದರೊಡನೊಂದು ಮಾತಾಡುತ್ತಿದ್ದುದರಿಂದ ಯಾರು ಯಾರೊಡನೆ ಬೇಕಾದರೂ ಹರಟಬಹುದಿತ್ತು. ಇಡೀ ಜಾಲಕ್ಕೆ ಒಡೆಯನಿರಲಿಲ್ಲ, ಜಾಹೀರಾತಿರಲಿಲ್ಲ. ಹಳೆಯ ಧಾನ್ಯದ ಗೋದಾಮೊಂದರ ಮೇಲಂತಸ್ತಿನಲ್ಲಿ ಒಂದು ಕೋಣೆ, ಬಿಸಿಗಾಳಿ ಊದುವ ನಾಲ್ಕು ಯಂತ್ರಗಳು, ಗೋಡೆಯ ಮೇಲೊಂದು ಅಗಲವಾದ ಪರದೆ. ಗದಗಿನ ಕಟ್ಟೆಯೆಂದರೆ ಇಷ್ಟೇ. ಯಂತ್ರಗಳನ್ನು ನೋಡಿಕೊಳ್ಳುವವನು ಇಮಾಮ್‌ಹುಸೇನ್ ನದಾಫ್. ಜನ ಬೆರಳಿಡುವ ಜಾಗಗಳನ್ನೆಲ್ಲ, ಎಂದರೆ ಗುಂಡಿ, ಲಿಂಕ್ ಎನ್ನುವ ಕೊಂಡಿ, ಖಾತೆ ಕೇಳುವ ಬಾಗಿಲಿನ ಪುಟಗಳನ್ನೆಲ್ಲ ವಿನ್ಯಾಸ ಮಾಡುವವಳು ನೀಲಾಂಬಿಕಾ.

ಅಪ್ಪನಿಗಾಗಿ ಅವಳು ಕಟ್ಟೆಯ ಮೇಲೊಂದು ಕೋರಿಕೆ ಹಾಕಿದ್ದಳು. ಬಸವಂತಪ್ಪ ಬಣಕಾರರು ಮೈಕಿಲ್ಲದೆ ಆಡಿದ ಮಾತು ಯಾರ ಬಳಿಯಾದರೂ ಇದ್ದರೆ ದಯಮಾಡಿ ಕಳಿಸಿ, ದನಿಪಟ್ಟಿಗೆ ಕಲಿಸಿದ ಮೇಲೆ ಅಳಿಸಿಹಾಕುತ್ತೇವೆ ಎಂದು. ಜನ ಆ ಕೋರಿಕೆಯ ಕೊಂಡಿಯನ್ನು ಊರಿಂದೂರಿಗೆ ಹಂಚಿದರು. ಕುಸ್ತಿಯ ಮಂದಿ ಪ್ರೀತಿಯ ಮಂದಿ. ಪರದೆಯ ಮೇಲೆ ಬರುವವರ ಸಂಖ್ಯೆ ಏರುತ್ತಲೇ ಇತ್ತು. ಉತ್ತರ ಒಂದೂ ಇರಲಿಲ್ಲ.

"ಬಂದಾರ, ನಿಂತಾರ, ಹೊಳ್ಳಿ ಹೋಗ್ಯಾರ," ಎಂದ ಇಮಾಮ್‌ಹುಸೇನ್, ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ. "ಬರೇ ಇಣಿಕಿ ಹಾಕಿ ಹೋಗಿಲ್ಲ ನೋಡು. ಭಾಳ ಹೊತ್ತು ನಿಂತಾರ. ಓದ್ಯಾರ. ಆಮ್ಯಾಲೆ ಹೋಗ್ಯಾರ."

ಬಂದವರು ಯಾರೆಂದು ಪರದೆ ಹೇಳುತ್ತಿರಲಿಲ್ಲ. ಹಾಗೆ ಹೇಳಬಾರದೆಂದೇ ಕಟ್ಟೆಗಳನ್ನು ಕಟ್ಟಿದ್ದು. ಎಷ್ಟು ಜನ ಬಂದರು, ಎಷ್ಟು ಹೊತ್ತು ಇದ್ದರು, ಅಷ್ಟೇ ತಿಳಿಯುತ್ತಿತ್ತು.

ಅವರು ನಿಲ್ಲುತ್ತಿದ್ದದ್ದು ಎಲ್ಲಿ ಎಂಬುದು ನೀಲಾಂಬಿಕಾಳಿಗೆ ಚೆನ್ನಾಗಿ ಗೊತ್ತಿತ್ತು. ಮುಧೋಳದವನೊಬ್ಬ ಕೊಂಡಿ ಒತ್ತಿದರೆ ಅದು ಅವನನ್ನು ಎತ್ತಿಕೊಂಡು ಗದಗಿನ ಕಟ್ಟೆಗೆ ತಂದು ಇಳಿಸುತ್ತಿತ್ತು. ಇಲ್ಲಿ ಅವನ ಖಾತೆ ಇಲ್ಲ, ಇಲ್ಲಿ ಅವನು ಅಪರಿಚಿತ. ಓದಬಹುದು, ಮಾತಾಡುವಂತಿಲ್ಲ. ಮಾತಾಡಬೇಕೆಂದರೆ ಒಂದು ಬಾಗಿಲಿನ ಪುಟ ಬರುತ್ತಿತ್ತು. ನಿಮ್ಮ ಖಾತೆ ಬೇರೆ ಕಟ್ಟೆಯಲ್ಲಿದ್ದರೆ ಆ ಕಟ್ಟೆಯ ಪೂರ್ಣ ವಿಳಾಸವನ್ನು ಕೆಳಗಿನ ಚೌಕದಲ್ಲಿ ಬರೆಯಿರಿ ಎಂದು ಅದು ವಿನಯದಿಂದ ವಿವರಿಸುತ್ತಿತ್ತು. ಆ ಪುಟವನ್ನು ಮಾಡಿದವಳು ಅವಳೇ. ಒಂದೊಂದು ವಾಕ್ಯವನ್ನೂ ತೂಗಿ ಬರೆದಿದ್ದಳು. ಬೇರೆ ಕಟ್ಟೆಯವರು ಅದನ್ನು ಮೆಚ್ಚಿ ತಮ್ಮಲ್ಲಿಯೂ ಹಾಕಿಕೊಂಡಿದ್ದರು.

ಅವಳು ಗುಂಡಿಯನ್ನು ದೊಡ್ಡದು ಮಾಡಿದಳು. ಬಣ್ಣ ಬದಲಿಸಿದಳು. ವಿವರಣೆ ಸಾಲದೇನೋ ಎಂದು ಇನ್ನೆರಡು ಸಾಲು ಸೇರಿಸಿ, ಪಕ್ಕದಲ್ಲಿ ಬಾಣದ ಗುರುತಿನ ಚಿತ್ರವನ್ನೂ ಹಾಕಿದಳು. ಬಂದವರು ಇನ್ನೂ ಬೇಗ ಮರಳತೊಡಗಿದರು.

ಇಮಾಮ್‌ಹುಸೇನ್ ಕೋರಿಕೆಯ ಕೆಳಗೆ ನಿನ್ನ ಫೋನ್ ನಂಬರ್ ಹಾಕಿಬಿಡು ಎಂದ. ಅದು ಆಗುವ ಮಾತಲ್ಲವೆಂದು ಅವನಿಗೂ ಗೊತ್ತಿತ್ತು. ದನಿ ಕದಿಯುವವರ ಕಾಲ ಅದು. ಮಗನ ದನಿಯಲ್ಲಿ ತಾಯಿಗೆ ಕರೆಮಾಡಿ ಮೋಸ ಮಾಡಿದ ಪ್ರಕರಣಗಳಾದ ಮೇಲೆ ಜನ ಮನುಷ್ಯನ ದನಿಯನ್ನು ಒಡವೆಯ ಹಾಗೆ ಜೋಪಾನ ಮಾಡುತ್ತಿದ್ದರು. ಗುರುತಿಲ್ಲದ ನಂಬರಿಗೆ ಯಾರೂ ಒಂದು ಕೆಮ್ಮನ್ನೂ ಕಳಿಸುತ್ತಿರಲಿಲ್ಲ. ಕಳಿಸಿದರೆ ತಮ್ಮ ಕಟ್ಟೆಯ ಮೂಲಕ, ತಮ್ಮವರ ಕಾವಲಿನಲ್ಲಿ.

"ಅಪ್ಪನ ದನಿ ಇಟಗೊಂಡಾವರು ಇರೂದ ಖರೆ," ಎಂದಳು ನೀಲಾಂಬಿಕಾ. "ಇಲ್ಲಾಂದ್ರ ಅಷ್ಟೊತ್ತು ಯಾಕ ನಿಲ್ತಿದ್ರು?"

ಆ ವಾರವೇ ಸುಮಿತ್ರಾಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬುವ ಕಾರ್ಯ. ಇಂಥ ಕಾರ್ಯಗಳಿಗೆ ಮನೆಮನೆಗೆ ಹೋಗಿ ಕರೆಯಲು ಗೌರವ್ವನ ಜೊತೆ ಪ್ರತಿ ಸಲ ಬಸವಂತಪ್ಪನವರು ಹೋಗುತ್ತಿದ್ದರು. ಹೆಂಗಸರ ಕಾರ್ಯವಾದರೂ ಹೊರಗೆ ನಿಂತು ಎಲ್ಲರನ್ನೂ ಮಾತಾಡಿಸಿ ನಗಿಸುವುದು ಅವರ ಪಾಲಿನ ಕೆಲಸ. ಈ ಸಲ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ನೀಲಾಂಬಿಕಾ ರಜೆ ಹಾಕಿ, ಕುಂಕುಮದ ಬಟ್ಟಲು ಹಿಡಿದು ತಾಯಿಯ ಜೊತೆ ನಡೆದಳು.

ಬೆಟಗೇರಿಯ ಓಣಿಗಳಲ್ಲಿ ಬಿಸಿಲು ಏರುವ ಮೊದಲೇ ಹತ್ತಾರು ಮನೆ ಮುಗಿಯಿತು. ಎಲ್ಲೆಡೆ ಅದೇ ಕ್ರಮ. ಹೊಸ್ತಿಲ ಹೊರಗೆ ನಿಲ್ಲುವುದು, ಒಳಗಿನವರು ಬರ್ರಿ ಎನ್ನುವುದು, ಚಾಪೆಯ ಮೇಲೆ ಒಂದು ಕ್ಷಣ ಕೂತು ನೀರು ಕುಡಿಯುವುದು, ಆಮೇಲೆ ಎದ್ದು ಮನೆಯೊಡತಿಯ ಹಣೆಗೆ ಕುಂಕುಮ ಹಚ್ಚಿ ಹೇಳುವುದು. ಆ ಹೆಂಗಸು ಬರ್ತೀನಿ ಎಂದು ತನ್ನ ಮನೆಯಲ್ಲೇ ನಿಂತು ಹೇಳುವುದು. ಎಲ್ಲರೂ ಬಸವಂತಪ್ಪನವರನ್ನು ಕೇಳಿದರು. ಅವರು ಚೆನ್ನಾಗಿದ್ದಾರೆ, ಉಳಿದರು, ಅಷ್ಟೇ ಸಾಕು ಎಂದು ಗೌರವ್ವ ಪ್ರತಿ ಮನೆಯಲ್ಲೂ ಹೇಳಿದಳು. ಪ್ರತಿ ಮನೆಯಲ್ಲೂ ಅದನ್ನು ಮನಸಾರೆ ಹೇಳಿದಳು.

ತಿರುವಿನಲ್ಲಿ ತರಕಾರಿ ಕೊಳ್ಳುತ್ತಿದ್ದ ನಿಂಗವ್ವ ಎದುರಾದಳು. ಹಳೆಯ ನೆರೆಯವಳು, ಈಗ ನಾಲ್ಕು ಓಣಿ ಆಚೆ ಇದ್ದಳು. ಬಿಸಿಲು ನೆತ್ತಿಗೆ ಬಂದಿತ್ತು, ನೀಲಾಂಬಿಕಾಳ ಕಾಲು ಸೋತಿತ್ತು. ಇಲ್ಲೇ ಹೇಳಿಬಿಡೋಣವೆಂದು ಅವಳು ಬಟ್ಟಲಿನ ಮುಚ್ಚಳ ತೆಗೆದಳು. ಗೌರವ್ವ ಮಗಳ ಕೈ ಮೇಲೆ ಕೈಯಿಟ್ಟು ತಡೆದು, ನಿಂಗವ್ವನೊಡನೆ ಬದನೆಕಾಯಿಯ ಮಾತಾಡಿ, ಕುಬಸದ ಸುದ್ದಿಯನ್ನೇ ಎತ್ತದೆ ಅವಳನ್ನು ಕಳಿಸಿಕೊಟ್ಟಳು. ಆಮೇಲೆ ಇಬ್ಬರೂ ನಾಲ್ಕು ಓಣಿ ದಾಟಿ ಅವಳ ಮನೆಗೇ ಹೋದರು. ನಿಂಗವ್ವ ತರಕಾರಿಯ ಚೀಲ ಇಳಿಸಿ ಆಗ ತಾನೆ ನೋಡಿದವಳ ಹಾಗೆ, "ಬರ್ರಿ, ಒಳಗ ಬರ್ರಿ," ಎಂದಳು. ಅವಳ ಮುಖ ಅರಳಿತ್ತು.

ಮರಳಿ ಬರುವಾಗ ನೀಲಾಂಬಿಕಾ ಕೇಳಿದಳು: "ಅಲ್ಲೇ ಹೇಳಿದ್ರ ಬರ್ತಿರಲಿಲ್ಲೇನವ್ವಾ?"

"ಹ್ಞೂಂ ಅಂತಿದ್ಲು. ಬರ್ತಿರಲಿಲ್ಲ," ಎಂದಳು ಗೌರವ್ವ, ಬಟ್ಟಲನ್ನು ಮಗಳ ಕೈಯಿಂದ ತೆಗೆದುಕೊಳ್ಳುತ್ತ. ಅದು ವಿವರಿಸಬೇಕಾದ ಸಂಗತಿಯೆಂದು ಅವಳಿಗೆ ಅನಿಸಿರಲಿಲ್ಲ. ಸುಮಿತ್ರಾಳಿಗೆ ಯಾವ ಬಳೆ ಹೊಂದುತ್ತದೆ ಎಂಬ ಮಾತಿಗೆ ಹೊರಳಿದಳು.

ನೀಲಾಂಬಿಕಾ ಬಳೆಯ ಮಾತಿಗೆ ಹೂಂಗುಡುತ್ತ ನಡೆದಳು. ಮನೆ ಇನ್ನೇನು ಬಂತು ಎನ್ನುವಾಗ ನಿಂತುಬಿಟ್ಟಳು. ಕರೆಯುವವರು ತಾವು ನಡೆದು ಹೋಗುತ್ತಾರೆ. ಅವಳ ಕೊಂಡಿ ಮಾಡುತ್ತಿದ್ದದ್ದೇನು? ಯಾರಿಂದ ಉಪಕಾರ ಬೇಕೋ ಅವರನ್ನೇ ಅವರ ಮನೆಯಿಂದ ಎಬ್ಬಿಸಿ, ಗುರುತಿಲ್ಲದ ಬಾಗಿಲಿಗೆ ತಂದು ನಿಲ್ಲಿಸಿ, ನೀವು ಯಾವೂರವರು ಬರೆಯಿರಿ ಎನ್ನುತ್ತಿತ್ತು. ಬಂದವರು ನಿಂತರು. ಯಾರಾದರೂ ಬರ್ರಿ ಅಂದಾರೆಂದು ಕಾದರು. ಮರ್ಯಾದಸ್ಥರು; ಕರೆಯದ ಮನೆಯಲ್ಲಿ ಬಾಯಿ ತೆರೆಯದೆ ಹಿಂದಿರುಗಿದರು. ಅವಳು ಮಾತ್ರ ಆ ಬಾಗಿಲಿಗೆ ಬಣ್ಣ ಬಳಿಯುತ್ತಲೇ ಇದ್ದಳು.

"ಏನಾತು? ಕಾಲಿಗೇನರ ಚುಚ್ಚಿತೇನು?" ಎಂದಳು ಗೌರವ್ವ.

ಮರುದಿನ ಗೋದಾಮಿನ ಮೇಲಂತಸ್ತಿನಲ್ಲಿ ಅವಳು ಇಮಾಮ್‌ಹುಸೇನ್‌ಗೆ ಬಿಳಿಹಲಗೆಯ ಮೇಲೆ ಎರಡು ಮನೆ ಬರೆದು ತೋರಿಸಿದಳು. ಈಗಿನ ಕೊಂಡಿಯಲ್ಲಿ ಇರುವುದು ಗದಗಿನ ಬಾಗಿಲಿನ ವಿಳಾಸ. ಅದರ ಬದಲು ಕೋರಿಕೆಯ ಹೆಸರಷ್ಟೇ ಇರಲಿ. ಒತ್ತಿದವನು ಎಲ್ಲಿಗೂ ಹೋಗುವುದು ಬೇಡ. ಅವನ ಫೋನಿಗೆ ಅವನ ಕಟ್ಟೆ ಯಾವುದೆಂದು ಗೊತ್ತೇ ಇದೆ. ಅದು ಆ ಕಟ್ಟೆಗೆ ಹೇಳಲಿ, ಆ ಕಟ್ಟೆ ನಮ್ಮಿಂದ ಕೋರಿಕೆಯನ್ನು ತರಿಸಿಕೊಂಡು ಅವನ ಮುಂದೆ ಇಡಲಿ. ಅವನು ತನ್ನ ಮನೆಯಲ್ಲಿ, ತನ್ನ ಹೆಸರಿನಲ್ಲಿ, ದಿನಾ ಒತ್ತುವ ಗುಂಡಿಯನ್ನೇ ಒತ್ತಿ ಮಾತಾಡಲಿ.

ಇಮಾಮ್‌ಹುಸೇನ್ ಗಡ್ಡ ಕೆರೆದುಕೊಂಡ. ಸುಮ್ಮನೆ ಒಪ್ಪುವ ಜಾತಿಯ ಮನುಷ್ಯ ಅವನಲ್ಲ. "ಹಂಗಾದ್ರ ಯಾವ ಕೊಂಡಿ ಒತ್ತಿದ್ರೂ ಫೋನು, ನಾ ಇಂಥಾ ಊರಾಂವ ಅಂತ ಎದುರಿನವರಿಗೆ ಹೇಳಿಬಿಡತೈತಿ. ನಾಳೆ ಯಾವನರ ಕಳ್ಳ ಒಂದು ಕೊಂಡಿ ಹಾಕಿ ಕುಂತ್ರ, ಎಲ್ಲಾರ ಮನಿ ವಿಳಾಸ ಅವನ ಕೈಯಾಗ."

ಅವನ ಮಾತು ನಿಜವಾಗಿತ್ತು. ಅದನ್ನು ಬಿಡಿಸಲು ಹಲವು ದಿನ ಹಿಡಿಯಿತು. ಕೊನೆಗೆ ಅವರು ಕೊಂಡಿಗೆ ಗದಗಿನ ಕಡೆಗೆ ಬಾಯಿಯೇ ಇಲ್ಲದ ಹಾಗೆ ಮಾಡಿದರು. ಕೊಂಡಿ ಬಿಚ್ಚುವುದು ಫೋನಿನ ಒಳಗೇ. ಫೋನು ಮಾತಾಡುವುದು ತನ್ನ ಕಟ್ಟೆಯೊಡನೆ ಮಾತ್ರ. ಕಟ್ಟೆ ಕಟ್ಟೆಯನ್ನು ಕೇಳುತ್ತದೆ. ಯಾರಿಗಾಗಿ ಕೇಳುತ್ತಿದೆಯೆಂದು ಹೇಳುವುದಿಲ್ಲ. ಅವನಾಗಿ ಬಾಯಿ ಬಿಡುವವರೆಗೆ ಗದಗಿಗೆ ಅವನ ನೆರಳೂ ಕಾಣದು. ಇಮಾಮ್‌ಹುಸೇನ್ ಇನ್ನೊಂದು ದಿನವಿಡೀ ಕಳ್ಳನ ಪಾತ್ರ ವಹಿಸಿ ಅದನ್ನು ಮುರಿಯಲು ನೋಡಿ, ಸೋತು, ಚಹಾ ತರಿಸಿದ.

ಇನ್ನೊಂದು ತೊಡಕಿತ್ತು. ಈ ಕೊಂಡಿಯನ್ನು ಉಳಿದ ಕಟ್ಟೆಗಳೂ ಒಪ್ಪಿಕೊಂಡರೆ ಮಾತ್ರ ಕೆಲಸ. ಒಡೆಯನಿಲ್ಲದ ಜಾಲದಲ್ಲಿ ಯಾರೂ ಯಾರಿಗೂ ಆಜ್ಞೆ ಮಾಡುವಂತಿಲ್ಲ. ಸಾಮಾನ್ಯವಾಗಿ ಇಂಥ ಪ್ರಸ್ತಾಪವನ್ನು ಎಲ್ಲ ಕಟ್ಟೆಯವರೂ ನೋಡುವ ಫಲಕಕ್ಕೆ ಅಂಟಿಸಿ, ಅಭಿಪ್ರಾಯಕ್ಕೆ ಕಾಯುವುದು ವಾಡಿಕೆ. ನೀಲಾಂಬಿಕಾ ಅಂಟಿಸಲಿಲ್ಲ. ಒಂದೊಂದು ಕಟ್ಟೆಯನ್ನೂ ನೋಡಿಕೊಳ್ಳುವವರಿಗೆ ತಾನೇ ಕರೆಮಾಡಿದಳು. ಹತ್ತಿರದ ಊರುಗಳಿಗೆ ಬಸ್ಸು ಹತ್ತಿ ಹೋದಳು. ಕೆಲವರು ಅವಳ ಮುಂದೆಯೇ ಹಾಕಿಕೊಂಡರು. ಕೆಲವರು ಕೊಂಡಿಯ ಕೋಡನ್ನು ಸಾಲು ಸಾಲಾಗಿ ಓದಿ ಹೇಳುತ್ತೇವೆಂದರು, ಓದಿದರು, ತಪ್ಪೊಂದನ್ನು ತಿದ್ದಿಯೂ ಕೊಟ್ಟರು. ಜಮಖಂಡಿಯ ಕಟ್ಟೆಯನ್ನು ನೋಡಿಕೊಳ್ಳುತ್ತಿದ್ದದ್ದು ಔಷಧದ ಅಂಗಡಿಯ ಕಲ್ಲಪ್ಪ. ಗಿರಾಕಿಗಳ ನಡುವೆಯೇ ಅವಳ ಮಾತು ಕೇಳಿ ಅವನು ಅನುಮಾನದಿಂದ ಕನ್ನಡಕ ಏರಿಸಿದ.

"ಇದರಿಂದ ನಿಮ್ಮ ಕಟ್ಟಿಗೆ ಬರೂ ಮಂದಿ ಕಮ್ಮಿ ಆಗತೈತಲ್ಲವಾ. ನಿಮಗೇನ ಲಾಭ?"

"ಮಂದಿ ಬರಬೇಕಂತಿಲ್ಲರಿ," ಎಂದಳು ನೀಲಾಂಬಿಕಾ. "ಮಾತು ಬಂದ್ರ ಸಾಕು."

ಕಲ್ಲಪ್ಪ ಒಬ್ಬರಿಗೆ ಕೆಮ್ಮಿನ ಔಷಧ ಕೊಟ್ಟು ಚಿಲ್ಲರೆ ಎಣಿಸಿದ. ಆಮೇಲೆ, ಬಣಕಾರರ ಮಗಳಾ ನೀನು ಎಂದು ಕೇಳಿ, ಅಂಗಡಿಯ ಹಿಂದಿನ ಯಂತ್ರದ ಕೋಣೆಯ ಬೀಗ ತೆಗೆದ.

ಹೊಸ ಕೊಂಡಿ ಹೊರಟ ದಿನ ನೀಲಾಂಬಿಕಾ ಹಳೆಯ ಪುಟದ ವಿವರಣೆಗಳನ್ನೆಲ್ಲ ಅಳಿಸಿದಳು. ಚೌಕ ಹೋಯಿತು, ಬಾಣದ ಚಿತ್ರ ಹೋಯಿತು. ಕೋರಿಕೆಯ ಕೆಳಗೆ ಒಂದೇ ಗುಂಡಿ ಉಳಿಯಿತು: ಇಲ್ಲೇ ಹೇಳ್ರಿ.

ಗೋಡೆಯ ಪರದೆಯ ಮೇಲೆ ಬಂದವರ ಗೆರೆ ನೆಲ ಹಿಡಿಯಿತು. ಯಾರೂ ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆದರೂ ಬರಿದಾದ ಪರದೆಯನ್ನು ನೋಡಿ ಅವಳಿಗೆ, ಕೈಯಾರೆ ಬಾಗಿಲು ಮುಚ್ಚಿಬಿಟ್ಟೆನೇನೋ ಎನಿಸಿತು. ಇಮಾಮ್‌ಹುಸೇನ್ ಯಂತ್ರಗಳ ಧೂಳು ಒರೆಸುತ್ತಿದ್ದ.

ಸಂಜೆಯ ಹೊತ್ತಿಗೆ ಮುಧೋಳದಿಂದ ಒಂದು ಸಂದೇಶ ಬಂತು. ಕಳಿಸಿದವನು ಮಲಕಾರಿ ಪೂಜಾರಿ. ಮೊದಲು ಅವನ ಮಾತಿತ್ತು, ನಾಚಿಕೊಂಡಂಥ ದಪ್ಪ ದನಿ.

"ಅಕ್ಕಾರ, ನಾ ಮೊದ್ಲೂ ಒಮ್ಮೆ ಬಂದಿದ್ದೆ ನಿಮ್ಮಲ್ಲಿಗೆ. ಗುರುತಿಲ್ಲದ ಜಾಗಾ, ಒಳಗ ಬಾ ಅನ್ನಾವ್ರಿಲ್ಲ. ನಿಂತು, ಹೊಳ್ಳಿ ಹೋದೆ. ಇವತ್ತ ನಮ್ಮ ಕಟ್ಟಿ ಮ್ಯಾಲೇ ನಿಮ್ಮ ಮಾತು ಕಂಡತು. ನಮ್ಮನ್ಯಾಗ ಕುಂತು ಕಳಸಾಕತ್ತೀನಿ. ಇದನ್ನ ನಾ ಯಾರಿಗೂ ಕೇಳಿಸಿಲ್ಲ. ನಾ ಬಿದ್ದ ದಿವಸದ್ದು."

ಅದರ ಹಿಂದೆಯೇ ಇನ್ನೊಂದು ದನಿ ಶುರುವಾಯಿತು. ನೀಲಾಂಬಿಕಾ ಮೇಜಿನ ಅಂಚು ಹಿಡಿದುಕೊಂಡಳು.

"ಮಲಕಾರೀ, ಊಟಾ ಮಾಡಿದಿಯಿಲ್ಲೋ? ಇವತ್ತ ಬಿದ್ದಿ, ಖರೆ. ಮೈಕಿನ್ಯಾಗ ಗೆದ್ದಾವನ ಹೆಸರ ಕೂಗೂದು ನನ್ನ ಕೆಲಸ, ಕೂಗಿದೆ. ನಿನ್ನ ಹೆಸರ ಹೇಳೂದು ಉಳದಿತ್ತು, ಅದಕ್ಕ ಇದನ್ನ ಕಳಸಾಕತ್ತೀನಿ. ಮಲಕಾರೀ. ಕೇಳಿಸ್ತಿಲ್ಲೋ? ಉಂಡು ಮಲಗಪಾ."

ಜ್ವರ ಬಂದಾಗ ಅಪ್ಪ ಹಣೆಯ ಮೇಲೆ ಕೈಯಿಟ್ಟು ಮಾತಾಡುತ್ತಿದ್ದ ದನಿ ಅದು. ಸಣ್ಣಗೆ ಕೆಮ್ಮಿದ್ದು, ಉಸಿರೆಳೆದುಕೊಂಡದ್ದು, ಹೆಸರನ್ನು ಎರಡನೆಯ ಸಲ ಹೇಳುವಾಗ ಕೆಳಗಿಳಿದದ್ದು, ಎಲ್ಲವೂ ಅಲ್ಲಿತ್ತು. ಇಮಾಮ್‌ಹುಸೇನ್ ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕಿಟಕಿಯ ಕಡೆ ತಿರುಗಿ ನಿಂತ.

ಮುಂದಿನ ದಿನಗಳಲ್ಲಿ ರಾಣೆಬೆನ್ನೂರಿನಿಂದ ಬಂತು, ಜಮಖಂಡಿಯಿಂದ ಬಂತು, ಅವಳು ಹೆಸರೇ ಕೇಳಿರದ ಹಳ್ಳಿಗಳ ಕಟ್ಟೆಗಳಿಂದ ಬಂತು. ಕಳಿಸಿದವರು ಹೆಚ್ಚಿನವರು ಸೋತವರು. ಪ್ರತಿ ಕುಸ್ತಿಯ ನಂತರವೂ, ಗೆದ್ದವನ ಮೆರವಣಿಗೆ ಅತ್ತ ಹೋದ ಮೇಲೆ, ಬಸವಂತಪ್ಪನವರು ಬಿದ್ದವನಿಗೆ ಒಂದು ಧ್ವನಿಸಂದೇಶ ಕಳಿಸುತ್ತಿದ್ದರು. ಒಬ್ಬನಿಗೆ ಮೊಣಕಾಲಿಗೆ ಯಾವ ಎಣ್ಣೆ ಹಚ್ಚಬೇಕೆಂದು, ಇನ್ನೊಬ್ಬನಿಗೆ ಅವನ ತಾಯಿಯ ಆರೋಗ್ಯ ಹೇಗಿದೆಯೆಂದು, ಮತ್ತೊಬ್ಬನಿಗೆ ಒಂದು ಪೋಲಿ ಜೋಕು. ಮನೆಯವರಿಗೆ ಇದು ಗೊತ್ತಿರಲಿಲ್ಲ. ಗೆದ್ದವರಿಗಂತೂ ಇಲ್ಲ. ಸೋತವರು ಮಾತ್ರ ಅದನ್ನು ಹಳೆಯ ತಾಣಗಳು ಮುಚ್ಚುವ ಮೊದಲೇ ತೆಗೆದು, ಫೋನಿಂದ ಫೋನಿಗೆ ದಾಟಿಸಿ, ಕಾಪಾಡಿಕೊಂಡಿದ್ದರು. ಅವರಲ್ಲಿ ಬಹಳ ಮಂದಿ, ನಾವು ಮೊದಲೂ ಬಂದು ಹೋಗಿದ್ದೆವು ಎಂದು ಬರೆದಿದ್ದರು. ಯಾರೂ ದೂರಿರಲಿಲ್ಲ.

ಡಾಕ್ಟರ್ ಮೇಧಾ ಕೋಣೆಯ ಬಾಗಿಲು ಹಾಕಿಕೊಂಡು ಅವನ್ನೆಲ್ಲ ಕೇಳಿದರು. ಪಟ್ಟಿಗೆ ಬೇಕಾದದ್ದು ಬರೀ ಮೆಲುದನಿಯಲ್ಲ, ದನಿಯ ಏರಿಳಿತ. ನಗುತ್ತ ಹೇಳಿದ್ದು, ಗದರಿದ್ದು, ಮಾತು ಸಿಗದೆ ತಡೆದದ್ದು. ಇದರಲ್ಲಿ ಎಲ್ಲವೂ ಇದೆ, ಒಬ್ಬ ಮನುಷ್ಯನ ಕೊರಳನ್ನು ಇಷ್ಟು ಜನ ಇಷ್ಟು ಜತನ ಮಾಡಿದ್ದನ್ನು ತಾನು ಕಂಡಿಲ್ಲ ಎಂದರು. ಪಟ್ಟಿ ಕಲಿತಾದ ಮೇಲೆ ಕೊಟ್ಟ ಮಾತಿನಂತೆ ಪ್ರತಿಗಳನ್ನು ನೀಲಾಂಬಿಕಾಳ ಎದುರಿಗೇ ಅಳಿಸಿದರು. ಮೂಲಗಳು ಅವರವರ ಊರಿನಲ್ಲಿ, ಅವರವರ ಬಳಿಯೇ ಉಳಿದವು.

ಪಟ್ಟಿ ಸಿದ್ಧವಾಗಿ ಮನೆಗೆ ಬರುವಷ್ಟರಲ್ಲಿ ಸುಮಿತ್ರಾಳಿಗೆ ಹೆಣ್ಣುಮಗು ಹುಟ್ಟಿತ್ತು. ಬಸವಂತಪ್ಪನವರು ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಕಟ್ಟಿಕೊಳ್ಳಲಿಲ್ಲ. ತೊಟ್ಟಿಲಲ್ಲಿ ಕೂಸು ಆಗ ತಾನೆ ಕಣ್ಣು ಮುಚ್ಚಿತ್ತು. ಅವರು ತಲೆಯಾಡಿಸಿ ಸ್ಲೇಟಿಗೆ ಕೈಚಾಚಿದರು. ನೀಲಾಂಬಿಕಾ ಸ್ಲೇಟನ್ನು ಪಕ್ಕಕ್ಕೆ ಸರಿಸಿ, ಅವರ ಮುಂದೆ ಕೂತು, ತನ್ನ ಫೋನಿನಲ್ಲಿ ಕಳಿಸಿದವರ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದಳು. ಮಲಕಾರಿ. ಸಿದ್ರಾಮ. ಹಜರತ್. ಅವರ ಮುಖ ಕೆಂಪಾಯಿತು. ಬಚ್ಚಿಟ್ಟದ್ದು ಸಿಕ್ಕಿಬಿದ್ದ ಮನುಷ್ಯನಂತೆ ತಲೆ ತಗ್ಗಿಸಿದರು. ಆಮೇಲೆ ಮಗಳು ಪಟ್ಟಿಯನ್ನು ಕೊರಳಿಗೆ ಕಟ್ಟುವಾಗ ಬೇಡವೆನ್ನಲಿಲ್ಲ.

ಅವರು ಅಡುಗೆಮನೆಯತ್ತ ನೋಡಿದರು. ಗೌರವ್ವ ಒಳಗೆ ಬಾಣಂತಿಗೆ ಕಷಾಯ ಕುದಿಸುತ್ತಿದ್ದಳು. ಅವರು ಅವಳನ್ನು ಕರೆದು ನೀರು ಕೇಳಿದರು. ಪಕ್ಕದಲ್ಲಿ ಕೂತಿದ್ದ ನೀಲಾಂಬಿಕಾಳಿಗೆ ಕೇಳಿಸಿತು. ಸುಮಿತ್ರಾಳಿಗೆ ಕೇಳಿಸಿತು, ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ತೊಟ್ಟಿಲಲ್ಲಿ ಕೂಸು ತುಟಿ ಚಪ್ಪರಿಸಿ ನಿದ್ದೆ ಮುಂದುವರಿಸಿತು.

ಒಳಗೆ ಪಾತ್ರೆಯ ಸದ್ದು ನಡೆದೇ ಇತ್ತು. ಬಸವಂತಪ್ಪನವರು ಇನ್ನೊಮ್ಮೆ ಕರೆದರು. ಗೌರವ್ವ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಏನರ ಅಂದ್ರೇನು? ನನಗ ಕೇಳಸಲಿಲ್ಲ."

ಅವರು ನಗುತ್ತ ಕೈಸನ್ನೆ ಮಾಡಿ ಹತ್ತಿರ ಕರೆದರು. ಅವಳು ಬಂದು, ಬಗ್ಗಿ, ಕಿವಿಯನ್ನು ಅವರ ಕೊರಳಿನ ಪಟ್ಟಿಯ ಬಳಿ ತಂದಳು. ಅವರು ಹೇಳಿದ್ದು ಈ ಸಲ ಮಕ್ಕಳಿಗೂ ಕೇಳಿಸಲಿಲ್ಲ. ಗೌರವ್ವ ಸೌಟನ್ನು ನೆಲದ ಮೇಲಿಟ್ಟು ಅಲ್ಲೇ ಕೂತಳು.

ನೀರು ತಂದುಕೊಟ್ಟವಳು ನೀಲಾಂಬಿಕಾ. ಕುಡಿದು ಲೋಟ ಇಳಿಸಿ, ಬಸವಂತಪ್ಪನವರು ಅವಳ ಫೋನಿಗೆ ಕೈ ಚಾಚಿದರು. ಮಲಕಾರಿಯ ಸಂದೇಶದ ಕೆಳಗಿನ ಗುಂಡಿಯನ್ನು ತಾವೇ ಹುಡುಕಿ ಒತ್ತಿದರು. ಯಾರೂ ತೋರಿಸಿಕೊಡಬೇಕಾಗಲಿಲ್ಲ. ಗಂಟಲು ಸರಿಮಾಡಿಕೊಳ್ಳುವ ಹಳೆಯ ಅಭ್ಯಾಸದಿಂದ ಒಮ್ಮೆ ತಡೆದು, ಮುಧೋಳದಲ್ಲಿ ತನ್ನ ಮನೆಯಲ್ಲಿ ಕೂತಿರುವವನೊಡನೆ ಮೆಲ್ಲಗೆ ಮಾತಾಡತೊಡಗಿದರು.

"ಮಲಕಾರೀ, ಊಟಾ ಮಾಡಿದಿಯಿಲ್ಲೋ?"

ಎದುರುಮನೆಯ ಜಗುಲಿಯಿಂದ ಶಿವಕ್ಕ ಗೌರವ್ವನನ್ನು ಕೂಗಿದಳು. ಹೊಸ ಪಟ್ಟಿ ಬಂತಂತಲ್ಲ, ಬಣಕಾರರು ಯಾವಾಗ ಮಾತಾಡುತ್ತಾರೆ ಎಂದು ಕೇಳುತ್ತಿದ್ದಳು.